ಬೆಳಕಿಗೂ ಮುಂಚಿನ ಕತ್ತಲೆ: ಆದಿಕಾಂಡದ ಮೊದಲ ದಿನವನ್ನು ಓದಿದ ಬಗೆಗಳು

ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡ ತೆರೆದುಕೊಳ್ಳುವಾಗ ಭೂಮಿಗೆ ಇನ್ನೂ ರೂಪವಿಲ್ಲ. ಆಳವಾದ ಜಲರಾಶಿಯ ಮೇಲೆ ಕತ್ತಲೆ ಕವಿದಿದೆ. ಆಮೇಲೆ ದೇವರು ನುಡಿಯುತ್ತಾನೆ, ಬೆಳಕು ಹುಟ್ಟುತ್ತದೆ. ಅದು ಒಳ್ಳೆಯದೆಂದು ಕಂಡು, ಬೆಳಕನ್ನೂ ಕತ್ತಲೆಯನ್ನೂ ಬೇರ್ಪಡಿಸಿ, ಒಂದಕ್ಕೆ ಹಗಲು, ಇನ್ನೊಂದಕ್ಕೆ ಇರುಳು ಎಂದು ಹೆಸರಿಡುತ್ತಾನೆ. ಒಂದು ಸಂಜೆ, ಒಂದು ಬೆಳಗು, ಅಲ್ಲಿಗೆ ಒಂದು ದಿನ ಸಂದಿತು. ಸೂರ್ಯ ಚಂದ್ರರು ಬರುವುದು ನಾಲ್ಕನೆಯ ದಿನ.

ಮೊದಲ ದಿನದ ಈ ಐದು ವಾಕ್ಯಗಳ ಸುತ್ತ ಎರಡು ಸಾವಿರ ವರ್ಷಗಳಿಗೂ ಮೀರಿ ವಾದ ನಡೆದಿದೆ. ಕತ್ತಲೆ ಎಲ್ಲಿಂದ ಬಂತು? ಅದನ್ನೂ ದೇವರೇ ಮಾಡಿದನೋ, ಅದು ಮೊದಲೇ ಇತ್ತೋ? ಸೂರ್ಯನಿಲ್ಲದಾಗ ಬೆಳಗಿದ ಬೆಳಕು ಯಾವುದು? ಬೆಳಕಿಗೆ ಮಾತ್ರ ಒಳ್ಳೆಯದೆಂಬ ಮಾತು ಸಂದದ್ದರಿಂದ ಕತ್ತಲೆ ಕೆಟ್ಟದ್ದೆಂದಾಯಿತೆ? ಬೆಳಕು ಒಳಿತು, ಕತ್ತಲೆ ಕೆಡುಕು ಎಂಬ ಸಮೀಕರಣ ಬೈಬಲ್ಲಿನ ಮೊದಲ ಪುಟದಿಂದಲೇ ಬಂದದ್ದು ಎಂದು ನಂಬಿದವರು ಬಹಳ ಮಂದಿ. ಆ ಪುಟವನ್ನೇ ಸಾವಧಾನವಾಗಿ ಓದಿದರೆ ಅಲ್ಲಿ ಆ ಸಮೀಕರಣ ಸಿಗುವುದಿಲ್ಲ ಎಂಬುದು ನನ್ನ ನಿಲುವು. ಅದು ಎಲ್ಲಿ, ಯಾರ ಕೈಯಲ್ಲಿ ಸೇರಿಕೊಂಡಿತು ಎಂಬುದನ್ನು ಹುಡುಕುವುದೇ ಈ ಚರ್ಚೆಯ ತಿರುಳು.

ಪಠ್ಯದಲ್ಲಿ ಇರುವುದೇನು

ಸೃಷ್ಟಿಯ ಈ ಅಧ್ಯಾಯದಲ್ಲಿ ಒಳ್ಳೆಯದೆಂಬ ಮೆಚ್ಚುಗೆ ಏಳು ಸಲ ಬರುತ್ತದೆ. ಮೊದಲ ಸಲ ಅದು ಸಲ್ಲುವುದು ಬೆಳಕೊಂದಕ್ಕೆ. ಕತ್ತಲೆಯ ವಿಷಯದಲ್ಲಿ ಪಠ್ಯ ಮೌನವಾಗಿದೆ. ಈ ಮೌನವನ್ನು ಖಂಡನೆಯೆಂದು ಓದುವ ಮುನ್ನ ಎರಡು ಸಂಗತಿ ಗಮನಿಸಬೇಕು. ಎರಡನೆಯ ದಿನ ಆಕಾಶಮಂಡಲವನ್ನು ಮಾಡಿದಾಗಲೂ ಹೀಬ್ರೂ ಪಠ್ಯದಲ್ಲಿ ಆ ಮೆಚ್ಚುಗೆಯಿಲ್ಲ, ಹಾಗೆಂದು ಆಕಾಶವನ್ನು ಯಾರೂ ಕೆಟ್ಟದ್ದೆನ್ನಲಿಲ್ಲ. ನಾಲ್ಕನೆಯ ದಿನ ಎರಡು ಜ್ಯೋತಿಗಳು ಹಗಲಿರುಳುಗಳನ್ನು ಆಳುವಂತೆ, ಬೆಳಕು ಕತ್ತಲೆಗಳನ್ನು ಬೇರ್ಪಡಿಸುವಂತೆ ನೇಮಕವಾದಾಗ ಆ ಇಡೀ ಏರ್ಪಾಟೇ ಒಳ್ಳೆಯದೆನಿಸಿಕೊಳ್ಳುತ್ತದೆ. ಅದರಲ್ಲಿ ಇರುಳಿಗೂ ಪಾಲಿದೆ.

ದೇವರು ತಾನೇ ಹೆಸರಿಡುವುದು ಐದಕ್ಕೆ: ಬೆಳಕು, ಕತ್ತಲೆ, ಆಕಾಶ, ಒಣನೆಲ, ಕಡಲು. ಹೆಸರಿಡುವುದು ಆ ಕಾಲದ ಪಶ್ಚಿಮ ಏಷ್ಯಾದಲ್ಲಿ ಒಡೆತನದ ಗುರುತು. ಕತ್ತಲೆಗೆ ಇರುಳೆಂಬ ಹೆಸರು ಬಂದ ಗಳಿಗೆಯಲ್ಲೇ ಅದಕ್ಕೊಂದು ಹೊತ್ತು, ಒಂದು ಎಲ್ಲೆ, ಮತ್ತೆ ಮತ್ತೆ ಬರುವ ಒಂದು ಸರದಿ ದೊರಕಿತು. ಸೂರ್ಯ ಚಂದ್ರರಿಗಾದರೋ ಈ ಅಧ್ಯಾಯದಲ್ಲಿ ಹೆಸರೇ ಇಲ್ಲ, ದೊಡ್ಡ ಜ್ಯೋತಿ ಮತ್ತು ಚಿಕ್ಕ ಜ್ಯೋತಿ ಎಂದಷ್ಟೇ ಇದೆ. ಬ್ಯಾಬಿಲೋನಿನಲ್ಲಿ ಅವು ಶಮಷ್, ಸಿನ್ ಎಂಬ ದೇವತೆಗಳಾಗಿ ಪೂಜೆಗೊಳ್ಳುತ್ತಿದ್ದವು. ಇಲ್ಲಿ ಅವು ಆಜ್ಞೆಗೆ ಒಳಪಟ್ಟ ದೀಪಗಳು.

ಬೇರ್ಪಡಿಸುವ ಮಾತು ಈ ಅಧ್ಯಾಯದಲ್ಲಿ ಐದು ಕಡೆ ಬರುತ್ತದೆ. ಯಾಜಕಕಾಂಡದಲ್ಲಿ ಪವಿತ್ರವನ್ನೂ ಸಾಮಾನ್ಯವನ್ನೂ, ಶುದ್ಧವನ್ನೂ ಅಶುದ್ಧವನ್ನೂ ಬೇರ್ಪಡಿಸುವ ಕೆಲಸ ಯಾಜಕರದು. ಇಂಥ ಹೋಲಿಕೆಗಳ ಆಧಾರದ ಮೇಲೆಯೇ 19ನೇ ಶತಮಾನದ ಜರ್ಮನ್ ವಿದ್ವಾಂಸರು, ಅವರಲ್ಲೂ ಯೂಲಿಯಸ್ ವೆಲ್‌ಹೌಸೆನ್, ಈ ಅಧ್ಯಾಯವನ್ನು ಯಾಜಕ ಪರಂಪರೆಯ ಬರಹವೆಂದು ಗುರುತಿಸಿದರು. ಯೆರೂಸಲೇಮಿನ ಆಲಯ ಸುಟ್ಟುಹೋದದ್ದು ಸುಮಾರು ಕ್ರಿ.ಪೂ. 586ರಲ್ಲಿ, ಯೆಹೂದ್ಯರಲ್ಲಿ ಹಲವರು ಬ್ಯಾಬಿಲೋನಿಗೆ ಸೆರೆಹೋದರು. ಆ ಸೆರೆವಾಸದ ಕಾಲದಲ್ಲೋ ಅದಾದ ಸ್ವಲ್ಪ ಮೇಲೋ ಈ ಅಧ್ಯಾಯ ಇಂದಿನ ರೂಪಕ್ಕೆ ಬಂತು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅದನ್ನು ಒಪ್ಪಿದರೆ, ಬೀದಿಬೀದಿಯಲ್ಲಿ ಬೇರೆ ದೇವರುಗಳ ಉತ್ಸವ ನಡೆಯುತ್ತಿದ್ದ ಊರಿನಲ್ಲಿ, ಆಲಯ ಕಳೆದುಕೊಂಡ ಜನ ಕತ್ತಲೆಗೂ ಒಂದು ಎಲ್ಲೆಯಿದೆ ಎಂದು ಬರೆದಿಟ್ಟಂತಾಯಿತು.

ಮೊದಲ ವಾಕ್ಯವನ್ನೇ ಎರಡು ಬಗೆಯಲ್ಲಿ ಓದಲು ಬರುತ್ತದೆ ಎಂಬುದು ಇನ್ನೊಂದು ತೊಡಕು. ಅದನ್ನು ಪೂರ್ಣವಾಕ್ಯವಾಗಿ ಓದಿದರೆ ದೇವರು ಮೊದಲು ಎಲ್ಲವನ್ನೂ ಸೃಷ್ಟಿಸಿದ, ಕತ್ತಲೆ ಅದರ ನಂತರದ ಸ್ಥಿತಿ. ಸೃಷ್ಟಿಸತೊಡಗಿದಾಗ ಎಂಬ ಅರ್ಥದಲ್ಲಿ, ಮುಂದಿನ ಮಾತಿಗೆ ಪೀಠಿಕೆಯಾಗಿ ಓದಿದರೆ ಕತ್ತಲೆಯೂ ನೀರೂ ಆಗಲೇ ಅಲ್ಲಿದ್ದವು. 11ನೇ ಶತಮಾನದ ಫ್ರಾನ್ಸಿನ ಮಹಾವ್ಯಾಖ್ಯಾನಕಾರ ರಾಶಿ ಎರಡನೆಯ ಓದಿನ ಕಡೆ ವಾಲಿದ. ಎರಡೂ ಓದುಗಳಿಗೆ ಇಂದಿಗೂ ಘನವಾದ ಸಮರ್ಥಕರಿದ್ದಾರೆ.

ಜೇಡಿಮಣ್ಣಿನ ಫಲಕಗಳು ತಂದ ತಿರುವು

ನಿನೆವೆಯಲ್ಲಿ ಅಸ್ಸೀರಿಯದ ದೊರೆ ಅಶುರ್‌ಬನಿಪಾಲನ ಗ್ರಂಥಾಲಯದ ಅವಶೇಷಗಳು 19ನೇ ಶತಮಾನದ ನಡುವಿನಲ್ಲಿ ಸಿಕ್ಕವು. ಅಲ್ಲಿಂದ ಲಂಡನ್ನಿಗೆ ಬಂದ ಮಣ್ಣಿನ ಫಲಕಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಸ್ಮಿತ್ ಓದಿ, 1876ರಲ್ಲಿ ಬ್ಯಾಬಿಲೋನಿನ ಸೃಷ್ಟಿಕಥೆಯನ್ನು ಪ್ರಕಟಿಸಿದ. ಎನೂಮ ಎಲಿಶ್ ಎಂದು ಹೆಸರಾದ ಆ ಕಾವ್ಯ ಏಳು ಫಲಕಗಳಲ್ಲಿದೆ. ಅದರಲ್ಲಿ ಮಾರ್ದುಕ್ ದೇವ ಆದಿಜಲದ ದೇವತೆ ತಿಯಾಮತಳನ್ನು ಕೊಂದು, ಅವಳ ಒಡಲನ್ನು ಸೀಳಿ ಒಂದು ಹೋಳಿನಿಂದ ಆಕಾಶವನ್ನು ಮಾಡುತ್ತಾನೆ.

1895ರಲ್ಲಿ ಹೆರ್ಮನ್ ಗುಂಕೆಲ್ ಇದರ ಮೇಲೆ ಒಂದು ದೊಡ್ಡ ವಾದ ಕಟ್ಟಿದ. ಆದಿಕಾಂಡದ ಕತ್ತಲೆ ಮತ್ತು ಆಳದ ನೀರು ಹಿಂದೊಮ್ಮೆ ಸೋಲಿಸಲ್ಪಟ್ಟ ಶತ್ರುಗಳ ಮಾಸಿದ ನೆನಪು. ಆಳದ ನೀರಿಗೆ ಹೀಬ್ರೂವಿನಲ್ಲಿರುವ ‘ತೆಹೋಮ್’ ಎಂಬ ಮಾತೇ ತಿಯಾಮತಳ ಹೆಸರಿನ ಪಳೆಯುಳಿಕೆ, ಎಂದ. ಈ ವಾದದಿಂದ ಬೈಬಲ್ಲಿನ ಬೇರೆ ಭಾಗಗಳಿಗೆ ನಿಜವಾಗಿ ಬೆಳಕು ಬಿತ್ತು. 74ನೇ ಕೀರ್ತನೆಯಲ್ಲಿ ದೇವರು ಕಡಲ ಘಟಸರ್ಪಗಳ ತಲೆ ಜಜ್ಜುತ್ತಾನೆ. ಅದರ ಬೆನ್ನಿಗೇ ಹಗಲೂ ಇರುಳೂ ನಿನ್ನವೇ ಎಂಬ ಸ್ತುತಿ ಬರುತ್ತದೆ. ಯುದ್ಧ ಮತ್ತು ಸೃಷ್ಟಿ ಎರಡೂ ಒಟ್ಟಿಗೆ ನೆನಪಾಗುವ ಕವಿಮನಸ್ಸು ಇಸ್ರಾಯೇಲಿನಲ್ಲಿ ಇದ್ದದ್ದಂತೂ ಖಚಿತ.

ಆಕ್ಷೇಪಗಳೂ ಬಲವಾಗಿವೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಯುದ್ಧವಿಲ್ಲ, ಎದುರಾಳಿಯಿಲ್ಲ, ಆಯುಧವಿಲ್ಲ. ಎನೂಮ ಎಲಿಶ್‌ನಲ್ಲಿ ಮಾರ್ದುಕ್ ಹುಟ್ಟುವ ಮೊದಲೇ ತಿಯಾಮತಳ ಗಂಡ ಅಪ್ಸು ತನಗೆ ಹಗಲು ನೆಮ್ಮದಿಯಿಲ್ಲ, ಇರುಳು ನಿದ್ದೆಯಿಲ್ಲ ಎಂದು ದೂರುತ್ತಾನೆ. ಹಗಲಿರುಳುಗಳು ಅಲ್ಲಿ ಆಗಲೇ ಇವೆ. 1929ರಿಂದ ಸಿರಿಯದ ಕರಾವಳಿಯ ಉಗಾರಿತ್‌ನಲ್ಲಿ ನಡೆದ ಉತ್ಖನನದಲ್ಲಿ ಬಾಳ್ ದೇವ ಕಡಲೊಡನೆ ಕಾದುವ ಕಥೆ ಸಿಕ್ಕ ಮೇಲೆ, ಕಡಲ ಯುದ್ಧದ ಕಥೆಗೆ ಬ್ಯಾಬಿಲೋನಿನವರೆಗೆ ಹೋಗಬೇಕಾಗಿಲ್ಲ ಎಂದೂ ತಿಳಿಯಿತು. ಡೇವಿಡ್ ತ್ಸುಮುರ 1989ರಲ್ಲಿ, ತೆಹೋಮ್ ಎಂಬುದು ಆಳನೀರಿಗೆ ಸೆಮಿಟಿಕ್ ಭಾಷೆಗಳಲ್ಲಿ ಸಮಾನವಾಗಿದ್ದ ಸಾಧಾರಣ ಮಾತು, ತಿಯಾಮತಳಿಂದ ಎರವಲು ಬಂದದ್ದಲ್ಲ ಎಂದು ಭಾಷಾಶಾಸ್ತ್ರದ ನೆಲೆಯಿಂದ ವಾದಿಸಿದ.

ಈಜಿಪ್ಟನ್ನು ಮರೆಯುವಂತಿಲ್ಲ. ಹೆರ್ಮೊಪೊಲಿಸ್‌ನ ಎಂಟು ಆದಿದೇವತೆಗಳಲ್ಲಿ ಕುಕ್ ಮತ್ತು ಕೌಕೆತ್ ಕತ್ತಲೆಯ ಜೋಡಿ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಶಬಾಕನ ಶಿಲೆಯಲ್ಲಿ ಪ್ತಾ ದೇವ ಹೃದಯದಲ್ಲಿ ಎಣಿಸಿ ನಾಲಿಗೆಯಿಂದ ನುಡಿದು ಸೃಷ್ಟಿಸುತ್ತಾನೆ. ನುಡಿಯಿಂದಾಗುವ ಸೃಷ್ಟಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಬ್ಯಾಬಿಲೋನಿನ ಕಾವ್ಯದಲ್ಲಿಲ್ಲ.

ಯೆಹೂದಿ ವಿದ್ವಾಂಸ ಜಾನ್ ಲೆವೆನ್ಸನ್ 1988ರಲ್ಲಿ ಗುಂಕೆಲನ ವಾದಕ್ಕೆ ಹೊಸ ತಿರುವು ಕೊಟ್ಟ. ಅವನ ಪ್ರಕಾರ ಕತ್ತಲೆ ಸೃಷ್ಟಿಯಲ್ಲಿ ನಾಶವಾಗಲಿಲ್ಲ, ಅದಕ್ಕೆ ಕಟ್ಟುಪಾಡು ಬಿತ್ತು, ಅಷ್ಟೆ. ಪ್ರತಿ ಸಂಜೆ ಅದು ಹಿಂತಿರುಗುತ್ತದೆ, ಪ್ರತಿ ಬೆಳಗ್ಗೆ ಹಿಂದೆ ಸರಿಯುತ್ತದೆ. ಜಗತ್ತಿನ ಸುವ್ಯವಸ್ಥೆ ಒಮ್ಮೆಗೇ ಗೆದ್ದು ಮುಗಿಸಿದ ಸಂಗತಿಯಲ್ಲ, ದೇವರು ದಿನವೂ ಕಾಯಬೇಕಾದದ್ದು. ಯೆರೆಮೀಯ ಪ್ರವಾದಿ ನಾಡಿನ ವಿನಾಶವನ್ನು ಕಣ್ಣಾರೆ ಕಂಡವನಂತೆ ವರ್ಣಿಸುವಾಗ ಭೂಮಿ ಮತ್ತೆ ರೂಪಗೆಟ್ಟು ಬರಿದಾಗುತ್ತದೆ, ಆಕಾಶದಲ್ಲಿ ಬೆಳಕಿರುವುದಿಲ್ಲ. ಸೃಷ್ಟಿಯೇ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಆ ಭಾಗವನ್ನು ಓದಿದಾಗಲೆಲ್ಲ ಲೆವೆನ್ಸನ್ ಮಾತು ನನಗೆ ಹೆಚ್ಚು ನಿಜವೆನಿಸುತ್ತದೆ.

ಕತ್ತಲೆಯನ್ನು ಮಾಡಿದವನೂ ಅವನೇ

ಕ್ರಿ.ಪೂ. 539ರಲ್ಲಿ ಪರ್ಷಿಯದ ದೊರೆ ಕೋರೆಷ ಬ್ಯಾಬಿಲೋನನ್ನು ಗೆದ್ದ. ಯೆಶಾಯನ ಗ್ರಂಥದ 45ನೇ ಅಧ್ಯಾಯದಲ್ಲಿ ದೇವರು ಅವನನ್ನು ಉದ್ದೇಶಿಸಿ, ಬೆಳಕನ್ನು ರೂಪಿಸುವವನೂ ಕತ್ತಲೆಯನ್ನು ಸೃಷ್ಟಿಸುವವನೂ ತಾನೇ, ಸುಖವೂ ಕೇಡೂ ತನ್ನಿಂದಲೇ ಎನ್ನುತ್ತಾನೆ. ಇಡೀ ಬೈಬಲ್ಲಿನಲ್ಲಿ ಕತ್ತಲೆಯ ಮೂಲದ ಬಗ್ಗೆ ಇಷ್ಟು ನೇರವಾದ ಮಾತು ಬೇರೆ ಇಲ್ಲ. ಆದಿಕಾಂಡ ಬಾಯಿಬಿಡದ್ದನ್ನು ಯೆಶಾಯ ಹೇಳಿಬಿಟ್ಟ.

ಬೆಳಕಿನ ದೇವರು ಬೇರೆ, ಕತ್ತಲೆಯ ಶಕ್ತಿ ಬೇರೆ ಎನ್ನುವ ಪರ್ಷಿಯದ ದ್ವೈತಕ್ಕೆ ಇದು ಉತ್ತರವೆಂದು 10ನೇ ಶತಮಾನದ ಸಆದ್ಯಾ ಗಾಓನ್‌ನಿಂದ ಹಿಡಿದು ಅನೇಕರು ಹೇಳಿದ್ದಾರೆ. ಮನಸ್ಸಿಗೆ ಹಿಡಿಸುವ ವಿವರಣೆಯೇ ಸರಿ. ಆದರೆ ಕೋರೆಷನ ಸ್ವಂತ ಮತ ಯಾವುದೆಂಬುದು ಸ್ಪಷ್ಟವಿಲ್ಲ. ಅವನ ಹೆಸರಿನ ಮಣ್ಣಿನ ಉರುಳೆ ಮಾರ್ದುಕನನ್ನು ಹೊಗಳುತ್ತದೆ. ಆ ದ್ವೈತದ ಬೆಳಕಿನ ದೇವರಾದ ಅಹುರ ಮಜ್ದನ ಹೆಸರು ರಾಜಶಾಸನಗಳಲ್ಲಿ ಮೆರೆಯುವುದು ಮುಂದೆ ದಾರಯವೌಷ ದೊರೆಯ ಕಾಲದಲ್ಲಿ.

ಯೆಹೂದಿ ಗುರುಗಳ ವ್ಯಾಖ್ಯಾನ ಸಂಗ್ರಹವಾದ ಬೆರೆಷೀತ್ ರಬ್ಬಾದಲ್ಲಿ ಒಂದು ಪ್ರಸಂಗವಿದೆ. ಒಬ್ಬ ತತ್ತ್ವಜ್ಞಾನಿ ರಬ್ಬಾನ್ ಗಮಲಿಯೇಲನ ಬಳಿ ಬಂದು, ನಿಮ್ಮ ದೇವರು ಒಳ್ಳೆಯ ಚಿತ್ರಕಾರನೇ, ಆದರೆ ಅವನಿಗೆ ಒಳ್ಳೆಯ ಬಣ್ಣಗಳು ಮೊದಲೇ ಸಿಕ್ಕಿದ್ದವಲ್ಲ ಎನ್ನುತ್ತಾನೆ. ಕತ್ತಲೆ, ನೀರು, ಗಾಳಿ, ಆಳ ಇವೆಲ್ಲ ಆ ಬಣ್ಣಗಳು. ಗಮಲಿಯೇಲ್ ಒಂದೊಂದಕ್ಕೂ ಒಂದೊಂದು ವಚನ ತೋರಿಸಿ, ಇವೂ ಸೃಷ್ಟಿಯಾದವೇ ಎಂದು ಸಾಧಿಸುತ್ತಾನೆ. ಕತ್ತಲೆಗೆ ಅವನು ತೋರಿಸಿದ್ದು ಯೆಶಾಯನ ಈ ವಚನವನ್ನೇ. ಕ್ರೈಸ್ತರಲ್ಲೂ ಇದೇ ಜಗಳ ನಡೆಯಿತು: ಅನಾದಿಯಾದ ದ್ರವ್ಯವೊಂದರಿಂದ ದೇವರು ಜಗತ್ತನ್ನು ಮಾಡಿದನೆಂದ ಹೆರ್ಮೊಗೆನೆಸ್‌ನ ವಿರುದ್ಧ ಕಾರ್ಥೇಜಿನ ತೆರ್ತುಲಿಯನ್ ಒಂದು ಗ್ರಂಥವನ್ನೇ ಬರೆದ. ಶೂನ್ಯದಿಂದ ಸೃಷ್ಟಿ ಎಂಬ ಸಿದ್ಧಾಂತ ಗಟ್ಟಿಯಾದದ್ದು ಇಂಥ ಜಗಳಗಳ ಕಾವಿನಲ್ಲಿ.

ಯೆಹೂದಿಗಳು ಪ್ರತಿದಿನ ಬೆಳಗಿನ ಪ್ರಾರ್ಥನೆಯಲ್ಲಿ ಯೆಶಾಯನ ಆ ಮಾತನ್ನು ಹೇಳುತ್ತಾರೆ. ಕೇಡು ಎಂಬ ಮಾತಿನ ಜಾಗದಲ್ಲಿ ಮಾತ್ರ ಸಮಸ್ತ ಎಂದು ಬದಲಿಸಿಕೊಂಡಿದ್ದಾರೆ. ಈ ಬದಲಾವಣೆಯ ಚರ್ಚೆ ಯೆಹೂದಿ ಗುರುಗಳ ಧರ್ಮಚರ್ಚೆಗಳ ಮಹಾಸಂಗ್ರಹವಾದ ತಲ್ಮೂದಿನಲ್ಲೇ ಇದೆ. ಕತ್ತಲೆಯನ್ನು ಸೃಷ್ಟಿಸಿದವನೆಂಬ ಮಾತನ್ನು ಅವರು ಮುಟ್ಟಲಿಲ್ಲ. ಬೆಳಗಿನ ಬೆಳಕಿಗೆ ಕೃತಜ್ಞತೆ ಹೇಳುವ ಹೊತ್ತಿನಲ್ಲೂ ಕತ್ತಲೆಯನ್ನು ದೇವರ ಕೈಯಿಂದ ಬಂದದ್ದೆಂದು ನೆನೆಯುವ ಈ ವಾಡಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಎರಡು ಪಾಳೆಯಗಳು

ಹಾಗಾದರೆ ಕತ್ತಲೆಗೆ ಕೆಡುಕಿನ ಮುಖ ಬಂದದ್ದು ಎಲ್ಲಿ? 1947ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನಿನ ಗವಿಗಳಲ್ಲಿ ಮೊದಲಾಗಿ ದೊರೆತ ಸುರುಳಿಗಳಲ್ಲಿ ಉತ್ತರದ ಒಂದು ಭಾಗವಿದೆ. ಯುದ್ಧದ ಸುರುಳಿಯಲ್ಲಿ ಬೆಳಕಿನ ಮಕ್ಕಳು ಕತ್ತಲೆಯ ಮಕ್ಕಳ ಮೇಲೆ ದಂಡೆತ್ತಿ ಹೋಗುತ್ತಾರೆ. ಸಮುದಾಯದ ನಿಯಮಾವಳಿಯಲ್ಲಿ ಬೆಳಕುಗಳ ಒಡೆಯನೂ ಕತ್ತಲೆಯ ದೂತನೂ ಮನುಷ್ಯರನ್ನು ಹಂಚಿಕೊಳ್ಳುತ್ತಾರೆ. ಅಲ್ಲೂ ಈ ಎರಡು ಆತ್ಮಗಳನ್ನು ಸೃಷ್ಟಿಸಿದವನು ಒಬ್ಬನೇ ದೇವರು ಎಂಬುದನ್ನು ಬಿಟ್ಟುಕೊಟ್ಟಿಲ್ಲ. ಆದರೆ ಆದಿಕಾಂಡದಲ್ಲಿ ಹೊತ್ತುಗಳಾಗಿದ್ದ ಬೆಳಕು ಕತ್ತಲೆಗಳು ಇಲ್ಲಿ ಜನರ ಎರಡು ಪಂಗಡಗಳಾದವು. ಯೋಹಾನನ ಸುವಾರ್ತೆ ಆದಿಕಾಂಡದ ಮೊದಲ ಮಾತನ್ನೇ ಪ್ರತಿಧ್ವನಿಸುತ್ತ ಆರಂಭವಾಗಿ, ಕತ್ತಲೆ ಸೋಲಿಸಲಾಗದ ಬೆಳಕಿನ ಬಗ್ಗೆ ಹೇಳುತ್ತದೆ. ಪೌಲನು ಕೊರಿಂಥದವರಿಗೆ ಬರೆಯುವಾಗ ಮೊದಲ ದಿನದ ಬೆಳಕನ್ನು ಹೃದಯದೊಳಗೆ ಬೆಳಗುವ ಅರಿವಾಗಿ ಮಾಡಿಕೊಳ್ಳುತ್ತಾನೆ.

ಇದನ್ನು ಕೊನೆಯ ಮಟ್ಟಕ್ಕೆ ಒಯ್ದವನು ಕ್ರಿ.ಶ. 216ರಲ್ಲಿ ಮೆಸೊಪೊಟೇಮಿಯದಲ್ಲಿ ಹುಟ್ಟಿದ ಮಾನಿ. ಅವನ ಮತದಲ್ಲಿ ಬೆಳಕು, ಕತ್ತಲೆ ಎರಡೂ ಅನಾದಿಯಾದ ರಾಜ್ಯಗಳು; ಈ ಜಗತ್ತು ಅವುಗಳ ಕಲಬೆರಕೆ. ಮುಂದೆ ಕ್ರೈಸ್ತ ಬಿಷಪ್ ಆದ ಆಗಸ್ಟೀನ್ ಸುಮಾರು ಒಂಬತ್ತು ವರ್ಷ ಆ ಮತದ ಶ್ರೋತೃವರ್ಗದಲ್ಲಿದ್ದ. ಬೆಳಕು ಮಾಡುವ ಮೊದಲು ನಿಮ್ಮ ದೇವರು ಕತ್ತಲೆಯಲ್ಲಿ ಇದ್ದನೇ ಎಂದು ಮಾನಿಯ ಅನುಯಾಯಿಗಳು ಕ್ರೈಸ್ತರನ್ನು ಕೆಣಕುತ್ತಿದ್ದರು. ಮತ ಬಿಟ್ಟು ಬಂದ ಆಗಸ್ಟೀನ್ 388ರ ಸುಮಾರಿಗೆ ಅವರ ವಿರುದ್ಧ ಆದಿಕಾಂಡದ ವ್ಯಾಖ್ಯಾನ ಬರೆಯತೊಡಗಿದ. ಸದ್ದಿಲ್ಲದಿರುವುದೇ ಮೌನವಾದಂತೆ ಬೆಳಕಿಲ್ಲದಿರುವುದೇ ಕತ್ತಲೆ, ಅದೊಂದು ವಸ್ತುವೇ ಅಲ್ಲ, ಎಂಬುದು ಅವನ ಉತ್ತರ. ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ಕಪ್ಪದೋಕ್ಯದ ಕೈಸರೈಯದಲ್ಲಿ ಬಿಷಪ್ ಬೇಸಿಲ್ ಆರು ದಿನಗಳ ಸೃಷ್ಟಿಯ ಮೇಲೆ ಉಪನ್ಯಾಸ ಮಾಡುತ್ತ, ಕತ್ತಲೆಯನ್ನು ದುಷ್ಟಶಕ್ತಿಯೆಂದು ಓದುವವರನ್ನು ಖಂಡಿಸಿದ್ದ. ಕೆಡುಕು ಆತ್ಮದ ಒಂದು ಸ್ಥಿತಿ, ಕತ್ತಲೆಯಾದರೋ ಆಕಾಶದ ಕಾಯದಿಂದ ಬಿದ್ದ ನೆರಳು, ಎಂದ.

ಇಬ್ಬರ ಉತ್ತರವೂ ಆ ಕಾಲಕ್ಕೆ ಬೇಕಾಗಿತ್ತು. ಆದರೆ ಆಗಸ್ಟೀನ್ ಅಲ್ಲಿಗೆ ನಿಲ್ಲಲಿಲ್ಲ. ‘ದೇವನಗರ’ ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಅವನು ಮೊದಲ ದಿನದ ಬೆಳಕನ್ನು ದೇವದೂತರ ಸಮೂಹವೆಂದೂ ಬೇರೆಯಾದ ಕತ್ತಲೆಯನ್ನು ಪತಿತ ದೂತರೆಂದೂ ಓದುತ್ತಾನೆ. ಒಳ್ಳೆಯದೆಂಬ ಮೆಚ್ಚುಗೆ ಬೆಳಕಿಗೆ ಮಾತ್ರ ಸಂದದ್ದು ಅದಕ್ಕಾಗಿಯೇ ಎನ್ನುತ್ತಾನೆ. ಅದೇ ಜಾಗದಲ್ಲಿ, ನಾಲ್ಕನೆಯ ದಿನದ ಹಗಲಿರುಳುಗಳೆರಡೂ ಪಾಪವಿಲ್ಲದವು, ಆದ್ದರಿಂದ ಎರಡೂ ಒಳ್ಳೆಯವು ಎಂದೂ ಗುರುತಿಸುತ್ತಾನೆ. ಅವನ ಸೂಕ್ಷ್ಮದೃಷ್ಟಿ ದೊಡ್ಡದು. ಆದರೂ ಮುಂದಿನ ಯುರೋಪು ನೆನಪಿಟ್ಟುಕೊಂಡದ್ದು ಮೊದಲ ಮಾತನ್ನು. ಇರುಳಿನ ನಿರ್ದೋಷವನ್ನು ಹೇಳಿದ ಎರಡನೆಯ ಮಾತು ವಿದ್ವಾಂಸರ ಪಾಲಿಗೆ ಉಳಿಯಿತು. ನಾನು ಹುಡುಕುತ್ತಿದ್ದ ಸಮೀಕರಣ ಗೌರವದ ವೇಷದಲ್ಲಿ ಒಳಗೆ ಬಂದದ್ದು ಇಲ್ಲಿ.

ಸೂರ್ಯನಿಲ್ಲದ ಮೂರು ದಿನ

ಎರಡನೇ ಶತಮಾನದಲ್ಲಿ ಕ್ರೈಸ್ತರನ್ನು ಟೀಕಿಸಿದ ಕೆಲ್ಸಸ್, ಸೂರ್ಯನೇ ಇಲ್ಲದೆ ದಿನಗಳನ್ನು ಎಣಿಸಿದ್ದು ಹೇಗೆಂದು ಹಳಿದ. ಅವನಿಗೆ ಉತ್ತರ ಬರೆದ ಓರಿಗನ್ ತನ್ನ ಇನ್ನೊಂದು ಗ್ರಂಥದಲ್ಲಿ, ಸೂರ್ಯ ಚಂದ್ರ ನಕ್ಷತ್ರಗಳಿಲ್ಲದ ಮೂರು ದಿನಗಳನ್ನು ಬುದ್ಧಿಯುಳ್ಳವರು ಅಕ್ಷರಶಃ ನಂಬಲಾರರು, ಇಲ್ಲಿ ಗೂಢಾರ್ಥವನ್ನೇ ಹುಡುಕಬೇಕು ಎಂದ. ಅವನಿಗೂ ಮೊದಲು ಅಲೆಕ್ಸಾಂಡ್ರಿಯದ ಯೆಹೂದಿ ದಾರ್ಶನಿಕ ಫಿಲೋ, ಪ್ಲೇಟೋವಿನ ದಾರಿಯಲ್ಲಿ, ಮೊದಲ ದಿನದ ಬೆಳಕು ಬುದ್ಧಿಗೆ ಮಾತ್ರ ಕಾಣುವ ಮೂಲಮಾದರಿ, ಸೂರ್ಯನ ಬೆಳಕು ಅದರ ಪ್ರತಿ ಎಂದಿದ್ದ.

ಗೂಢಾರ್ಥ ಬೇಡವೆಂದವರೂ ಇದ್ದರು. ಅಂತಿಯೋಕ್ಯದ ಥಿಯೊಫಿಲಸ್‌ನ ಉತ್ತರ ನೇರವಾಗಿದೆ: ಗಿಡಮರಗಳಿಗಿಂತ ತಡವಾಗಿ ಸೂರ್ಯನನ್ನು ಮಾಡಿದ್ದು, ಬೆಳೆಯೆಲ್ಲ ಸೂರ್ಯನ ವರವೆಂದು ಜನ ಅವನನ್ನು ಪೂಜಿಸಬಾರದೆಂದು. ಬೇಸಿಲ್‌ನ ದೃಷ್ಟಿಯಲ್ಲಿ ಬೆಳಕು ಬೇರೆ, ಅದನ್ನು ಹೊರುವ ಸೂರ್ಯನೆಂಬ ಕಾಯ ಬೇರೆ. ಬೆಂಕಿ ಮೊದಲು, ದೀಪ ಆಮೇಲೆ. ಸಿರಿಯಕ್ ಕವಿ ಎಫ್ರೇಮ್ ಮೊದಲ ಕತ್ತಲೆಯನ್ನು ಮೋಡಗಳ ನೆರಳೆಂದು ಬಗೆದು, ಮೊದಲ ಬೆಳಕಿನಿಂದಲೇ ಸೂರ್ಯನಾಯಿತು ಎಂದ. ಕ್ಯಾಲ್ವಿನ್ 1554ರ ವ್ಯಾಖ್ಯಾನದಲ್ಲಿ ಥಿಯೊಫಿಲಸ್‌ನ ಹತ್ತಿರವೇ ನಿಲ್ಲುತ್ತಾನೆ: ಬೆಳಕು ಕೊಡಲು ದೇವರಿಗೆ ಸೂರ್ಯ ಬೇಕಾಗಿಲ್ಲ.

ತಲ್ಮೂದಿನ ಕಲ್ಪನೆ ಇವೆಲ್ಲಕ್ಕಿಂತ ಆಪ್ತವಾದದ್ದು. ರಬ್ಬಿ ಎಲಾಜಾರ್ ಹೇಳುವಂತೆ ಮೊದಲ ದಿನದ ಬೆಳಕಿನಲ್ಲಿ ಮನುಷ್ಯ ಜಗತ್ತಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಬಹುದಿತ್ತು. ಮುಂದೆ ಹುಟ್ಟುವ ದುಷ್ಟ ತಲೆಮಾರುಗಳನ್ನು ಕಂಡು ದೇವರು ಅದನ್ನು ಬಚ್ಚಿಟ್ಟ, ನೀತಿವಂತರಿಗಾಗಿ ಮುಂದಿನ ಕಾಲಕ್ಕೆ ಕಾದಿರಿಸಿದ. ಬಚ್ಚಿಟ್ಟ ಈ ಬೆಳಕು ಮುಂದೆ ಕಬ್ಬಾಲ ಅನುಭಾವಿಗಳ ಗ್ರಂಥಗಳಲ್ಲಿ ದೊಡ್ಡ ವಿಷಯವಾಯಿತು. ಅದೇ ತಲ್ಮೂದಿನ ಅದೇ ಪುಟದಲ್ಲಿ ಬೇರೆ ಪಂಡಿತರು, ಮೊದಲ ದಿನ ಮಾಡಿದ ಜ್ಯೋತಿಗಳನ್ನೇ ನಾಲ್ಕನೆಯ ದಿನ ತೂಗುಹಾಕಿದ್ದು ಎಂದು ಸರಳ ಉತ್ತರ ಕೊಡುತ್ತಾರೆ. 12ನೇ ಶತಮಾನದ ಮೈಮೊನಿಡಿಸ್ ತನ್ನ ದಾರಿ ಹಿಡಿದ: ಅರಿಸ್ಟಾಟಲ್‌ನ ಭೌತಶಾಸ್ತ್ರವನ್ನು ಮುಂದಿಟ್ಟುಕೊಂಡು, ಇಲ್ಲಿ ಕತ್ತಲೆಯೆಂದರೆ ಸ್ವತಃ ಹೊಳೆಯದ ಮೂಲಭೂತ ಅಗ್ನಿ ಎಂದ. ಲಿಂಕನ್‌ನ ಬಿಷಪ್ ಆಗಲಿದ್ದ ರಾಬರ್ಟ್ ಗ್ರೋಸ್‌ಟೆಸ್ಟ್ 13ನೇ ಶತಮಾನದ ಮೊದಲ ಭಾಗದಲ್ಲಿ, ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಹರಡಿ ದ್ರವ್ಯವನ್ನೇ ಹಿಗ್ಗಿಸಿ ವಿಶ್ವವನ್ನು ಮಾಡಿದ್ದು ಬೆಳಕು ಎಂದು ಬರೆದ.

ನಮ್ಮ ಕಾಲದಲ್ಲಿ ಮಾರ್ಕ್ ಸ್ಮಿತ್ 2010ರ ಪುಸ್ತಕದಲ್ಲಿ, ಮೊದಲ ಬೆಳಕು ದೇವರ ಸ್ವಂತ ಪ್ರಭೆ ಎಂದು ವಾದಿಸಿದ. ದೇವರು ಬೆಳಕನ್ನು ಮಾಡಿದ ಎಂದು ಪಠ್ಯ ಹೇಳುವುದಿಲ್ಲ, ಆಗಲಿ ಎಂದ, ಆಯಿತು. 104ನೇ ಕೀರ್ತನೆಯಲ್ಲಿ ದೇವರು ಬೆಳಕನ್ನು ಉಡುಪಾಗಿ ಹೊದ್ದಿದ್ದಾನೆ. ಈ ಎರಡು ಸಂಗತಿಗಳನ್ನು ಅವನು ಜೋಡಿಸುತ್ತಾನೆ. ಆದರೆ ದೇವರ ಪ್ರಭೆಗೆ ಹಗಲು ಎಂದು ಹೆಸರಿಟ್ಟು ಸಂಜೆಯ ಹೊತ್ತಿಗೆ ಅದನ್ನು ಮುಗಿಸಿದ್ದೇಕೆ ಎಂಬುದಕ್ಕೆ ಈ ವಾದದಲ್ಲಿ ಸಮಾಧಾನವಾಗುವ ಉತ್ತರ ನನಗೆ ಸಿಗಲಿಲ್ಲ.

ಕಾಲ, ಆಲಯ, ಎಲ್ಲೆ

ಬೆಳಕು ಯಾವ ಪದಾರ್ಥ ಎಂದು ಕೇಳುವುದನ್ನೇ ಬಿಟ್ಟು, ಅದರ ಕೆಲಸವೇನೆಂದು ಕೇಳುವ ಗುಂಪೊಂದು ಈಚೆಗೆ ಬೆಳೆದಿದೆ. ಮೊದಲ ಮೂರು ದಿನ ಠಾವುಗಳು, ಮುಂದಿನ ಮೂರು ದಿನ ಅವುಗಳ ನಿವಾಸಿಗಳು. ಒಂದನೆಯ ದಿನಕ್ಕೆ ನಾಲ್ಕನೆಯದು ಜೋಡಿ, ಆದ್ದರಿಂದ ಕಾಲಾನುಕ್ರಮದ ತೊಡಕೇ ಇಲ್ಲ ಎನ್ನುತ್ತದೆ ಚೌಕಟ್ಟಿನ ವಾದ. ಮೆರೆಡಿತ್ ಕ್ಲೈನ್ 1958ರಲ್ಲಿ ಇದನ್ನು ಬಲವಾಗಿ ಮಂಡಿಸಿದ. ಜಾನ್ ವಾಲ್ಟನ್ 2009ರಲ್ಲಿ, ಮೊದಲ ದಿನ ಹುಟ್ಟಿದ್ದು ಕಾಲವೇ ಎಂದ: ಹಗಲೆಂದು ಹೆಸರಾದದ್ದು ಬೆಳಕಿನ ಅವಧಿ, ಇರುಳ ಸರದಿಯೊಡನೆ ಸೇರಿ ಅದು ದಿನವಾಯಿತು. ಇಡೀ ಅಧ್ಯಾಯ ಜಗತ್ತನ್ನು ದೇವರ ಆಲಯವಾಗಿ ಪ್ರತಿಷ್ಠಾಪಿಸುವ ವರ್ಣನೆ ಎಂದು ಅವನೂ, ಅವನಿಗೆ ಮುಂಚೆ ಮೋಶೆ ವೈನ್‌ಫೆಲ್ಡ್ ಮೊದಲಾದವರೂ ತೋರಿಸಿದ್ದಾರೆ. ಸೂರ್ಯ ಚಂದ್ರರಿಗೆ ಇಲ್ಲಿ ಬಳಸಿದ ಜ್ಯೋತಿ ಎಂಬ ಹೀಬ್ರೂ ಮಾತನ್ನೇ ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರದ ದೀಪಕ್ಕೂ ಬಳಸಿರುವುದು ಈ ಓದಿಗೆ ಒಳ್ಳೆಯ ಬೆಂಬಲ.

ಬೇರ್ಪಡಿಸುವಿಕೆಯ ಮೇಲೆ ಒತ್ತು ಕೊಡುವ ಈ ಓದೇ ಪಠ್ಯಕ್ಕೆ ಹತ್ತಿರದ್ದೆಂದು ನನಗೆ ತೋರುತ್ತದೆ. ಯೆಹೂದಿ ಮನೆಗಳಲ್ಲಿ ಶನಿವಾರ ಕತ್ತಲಾದ ಮೇಲೆ ವಾರದ ವಿಶ್ರಾಂತಿ ದಿನವಾದ ಸಬ್ಬತ್ತನ್ನು ಬೀಳ್ಕೊಡುವಾಗ ಬತ್ತಿ ಹಚ್ಚಿ, ಪವಿತ್ರವನ್ನು ಸಾಮಾನ್ಯದಿಂದ, ಬೆಳಕನ್ನು ಕತ್ತಲೆಯಿಂದ ಬೇರ್ಪಡಿಸಿದವನನ್ನು ಸ್ತುತಿಸುತ್ತಾರೆ. ಆ ಕತ್ತಲೆಯಲ್ಲಿ ಶುರುವಾಗುವುದು ದುಡಿಮೆಯ ವಾರ. ಅದನ್ನು ಯಾರೂ ಕೆಡುಕೆಂದು ಬಗೆಯುವುದಿಲ್ಲ.

ದಿನ ಶುರುವಾಗುವುದು ಸಂಜೆಯಿಂದಲೋ ಬೆಳಗಿನಿಂದಲೋ ಎಂಬ ಜಗಳವೂ ಇದಕ್ಕೆ ಸೇರಿದ್ದೇ. ಸಬ್ಬತ್ತು ಸಂಜೆಗೆ ಆರಂಭವಾಗುವುದು ರೂಢಿ. ರಾಶಿಯ ಮೊಮ್ಮಗ ರಶ್ಬಾಮ್ ಮಾತ್ರ, ಈ ಅಧ್ಯಾಯದ ಸರಳಾರ್ಥದಲ್ಲಿ ಬೆಳಕು ಮುಗಿದು ಸಂಜೆಯಾಯಿತು, ಇರುಳು ಕಳೆದು ಬೆಳಗಾಯಿತು, ಆಗ ದಿನ ತುಂಬಿತು ಎಂದು ಬರೆದ. 1158ರಲ್ಲಿ ಇಂಗ್ಲೆಂಡಿನಲ್ಲಿದ್ದ ಅಬ್ರಹಾಂ ಇಬ್ನ್ ಎಜ್ರಾ ಇಂಥ ಓದಿನ ವಿರುದ್ಧ ಸಬ್ಬತ್ತಿನ ಪತ್ರವೆಂಬ ಕೃತಿ ರಚಿಸಿದ. ಅವನ ಗುರಿ ರಶ್ಬಾಮನೇ ಎಂದು ಹಲವರು ಭಾವಿಸುತ್ತಾರೆ. ಸಂಜೆಯಿಂದ ಎಣಿಸಿದರೆ ಪ್ರತಿ ದಿನವೂ ಕತ್ತಲೆಯಿಂದ ಬೆಳಕಿಗೆ ಸಾಗುತ್ತದೆ. ಬೆಳಗಿನಿಂದ ಎಣಿಸಿದರೆ ಕತ್ತಲೆ ದೇವರ ದುಡಿಮೆಯ ನಡುವಿನ ಬಿಡುವಾಗುತ್ತದೆ.

ಕತ್ತಲೆಯ ಪಕ್ಷ ವಹಿಸಿದವರು

ಸೀನಾಯಿ ಬೆಟ್ಟದಲ್ಲಿ ಮೋಶೆ ದೇವರಿದ್ದ ಕಾರ್ಗತ್ತಲೆಯನ್ನು ಹೊಕ್ಕ. ಆಲಯವನ್ನು ಪ್ರತಿಷ್ಠಿಸುವಾಗ ಸೊಲೊಮೋನ, ದೇವರು ಕಾರ್ಗತ್ತಲಲ್ಲಿ ವಾಸಿಸುವುದಾಗಿ ಹೇಳಿದ್ದನ್ನು ನೆನೆದ. ಬೇಸಿಲ್‌ನ ತಮ್ಮ, ನಿಸ್ಸದ ಗ್ರೆಗರಿ, ಮೋಶೆಯ ಜೀವನದ ಮೇಲೆ ಬರೆದ ಕೃತಿಯಲ್ಲಿ ಆತ್ಮದ ಪಯಣ ಬೆಳಕಿನಿಂದ ಮೊದಲಾಗಿ ಕತ್ತಲೆಯಲ್ಲಿ ಮಾಗುತ್ತದೆ. ದೇವರನ್ನು ಸಮೀಪಿಸಿದಷ್ಟೂ ಅವನು ಅರಿವಿಗೆ ನಿಲುಕದವನೆಂಬುದು ತಿಳಿಯುತ್ತದೆ.

20ನೇ ಶತಮಾನದಲ್ಲಿ ಕಾರ್ಲ್ ಬಾರ್ಟ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋದ: ಎರಡನೆಯ ವಾಕ್ಯದ ಕತ್ತಲೆ ದೇವರು ಬೇಡವೆಂದು ತಳ್ಳಿಹಾಕಿದ ಜಗತ್ತು. ನಾಜಿಗಳ ಕಾಲದ ಭಯವನ್ನು ಕಣ್ಣೆದುರು ಕಂಡವನ ಮಾತಿನ ತೂಕ ಅದಕ್ಕಿದೆ. ಅಮೆರಿಕದ ಕ್ಯಾಥರೀನ್ ಕೆಲ್ಲರ್ 2003ರಲ್ಲಿ ಅವನನ್ನೂ ಇಡೀ ಪರಂಪರೆಯನ್ನೂ ಪ್ರಶ್ನಿಸಿ, ಆಳ ಮತ್ತು ಕತ್ತಲೆಯ ಮೇಲಿನ ಅಂಜಿಕೆಯೇ ಹೆಣ್ಣಿನ ಮೇಲಿನ, ಕಪ್ಪು ಮೈಬಣ್ಣದ ಮೇಲಿನ ತಿರಸ್ಕಾರಕ್ಕೆ ದಾರಿಯಾಯಿತು ಎಂದಳು. ಆ ಕತ್ತಲೆ ಸಾಧ್ಯತೆಗಳ ಬಸಿರು ಎಂಬುದು ಅವಳ ವಾದ. ಕಪ್ಪು ಎಂದರೆ ಪಾಪ ಎಂಬ ರೂಪಕವನ್ನು ಗುಲಾಮಗಿರಿಯ ಸಮರ್ಥಕರು ಹೇಗೆಲ್ಲ ಬಳಸಿದರೆಂಬುದನ್ನು ಬಲ್ಲವರು ಈ ಎಚ್ಚರಿಕೆಯನ್ನು ತಳ್ಳಿಹಾಕಲಾರರು. ಆದರೆ ಪಠ್ಯದಲ್ಲಿ ಕತ್ತಲೆಗೆ ಹೊಗಳಿಕೆಯೂ ಇಲ್ಲ. ಕೆಲ್ಲರ್ ಅಷ್ಟು ದೂರ ಹೋಗುವಾಗ ನಾನು ಹಿಂದೆ ಉಳಿಯುತ್ತೇನೆ.

ಭೌತವಿಜ್ಞಾನದ ನೆರವು ಎಷ್ಟು

1964ರಲ್ಲಿ ಪೆನ್ಜಿಯಸ್ ಮತ್ತು ವಿಲ್ಸನ್ ಪತ್ತೆಹಚ್ಚಿದ ವಿಶ್ವದ ಹಿನ್ನೆಲೆ ವಿಕಿರಣ, ಮಹಾಸ್ಫೋಟದ ಸುಮಾರು 3,80,000 ವರ್ಷಗಳ ತರುವಾಯ ಹೊರಟ ಬೆಳಕು. ನಕ್ಷತ್ರಗಳು ಹುಟ್ಟಿದ್ದು ಅದಾದ ಕೋಟಿಗಟ್ಟಲೆ ವರ್ಷಗಳ ಮೇಲೆ. ಸೂರ್ಯನಿಗೆ ಮೊದಲೇ ಬೆಳಕಿತ್ತು ಎಂಬುದು ನಿಜವೇ. ಇದನ್ನು ಆದಿಕಾಂಡಕ್ಕೆ ಹೊಂದಿಸುವ ಆಸೆ ಹೊಸದಲ್ಲ. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಹೊಸ ವಿಶ್ವವಿಜ್ಞಾನವನ್ನು ಮೊದಲ ಬೆಳಕಿನ ಆಜ್ಞೆಯ ಸಾಕ್ಷಿಯಂತೆ ಹೊಗಳಿದಾಗ, ಆ ಸಿದ್ಧಾಂತದ ಜನಕರಲ್ಲೊಬ್ಬನೂ ಸ್ವತಃ ಪಾದ್ರಿಯೂ ಆಗಿದ್ದ ಜಾರ್ಜ್ ಲೆಮೇತ್ರ್‌ಗೆ ಅದು ಹಿಡಿಸಲಿಲ್ಲ. ಸಿದ್ಧಾಂತ ನಾಳೆ ಬದಲಾಗಬಹುದು, ನಂಬಿಕೆಯನ್ನು ಅದಕ್ಕೆ ಗಂಟುಹಾಕಬಾರದು ಎಂಬ ಎಚ್ಚರ ಅವನದು. ಮೊದಲ ದಿನದ ಬೆಳಕಿನ ಬೆನ್ನಿಗೇ ಸಂಜೆಯೂ ಬೆಳಗೂ ಬರುತ್ತವೆ ಎಂಬುದನ್ನು ಈ ಹೊಂದಾಣಿಕೆ ವಿವರಿಸಲಾರದು.

ಬಗೆಹರಿಯದೆ ಉಳಿದವು

ಅಲೆಕ್ಸಾಂಡರ್ ದೊರೆ ದಕ್ಷಿಣದ ಹಿರಿಯರನ್ನು, ಬೆಳಕು ಕತ್ತಲೆಗಳಲ್ಲಿ ಮೊದಲು ಹುಟ್ಟಿದ್ದು ಯಾವುದೆಂದು ಕೇಳಿದನಂತೆ; ಇದಕ್ಕೆ ಪರಿಹಾರವಿಲ್ಲ ಎಂದು ಅವರು ಉತ್ತರಿಸಿದರೆಂದು ತಲ್ಮೂದಿನ ತಾಮೀದ್ ಭಾಗ ಹೇಳುತ್ತದೆ. ಆ ಪ್ರಶ್ನೆ ಅಲ್ಲಿಯೇ ನಿಂತಿದೆ. ಮೊದಲ ವಾಕ್ಯದ ರಚನೆ ತೀರ್ಮಾನವಾಗುವತನಕ ಕತ್ತಲೆ ಸೃಷ್ಟಿಯ ಒಳಗಿನದೋ ಹೊರಗಿನದೋ ಹೇಳಲಾಗದು. ವ್ಯಾಕರಣ ಎರಡನ್ನೂ ಬಿಟ್ಟುಕೊಡುವುದರಿಂದ ಅದು ತೀರ್ಮಾನವಾಗುವ ಲಕ್ಷಣವೂ ಇಲ್ಲ. ಆರನೆಯ ದಿನ ತಾನು ಮಾಡಿದ್ದೆಲ್ಲವೂ ಬಹಳ ಒಳ್ಳೆಯದೆಂದು ದೇವರು ಕಂಡಾಗ ಆ ಎಲ್ಲದರಲ್ಲಿ ಕತ್ತಲೆ ಸೇರಿತ್ತೆ ಎಂಬುದು ಇದಕ್ಕೇ ಅಂಟಿಕೊಂಡ ಪ್ರಶ್ನೆ. ಯೆಶಾಯನ ಮಾತು ಆದಿಕಾಂಡವನ್ನು ತಿದ್ದಲು ಬಂದದ್ದೋ, ವಿವರಿಸಲು ಬಂದದ್ದೋ, ಇವೆರಡರಲ್ಲಿ ಯಾವುದು ಮೊದಲಿನದು ಎಂಬುದರಲ್ಲೂ ಒಮ್ಮತವಿಲ್ಲ.

ಇನ್ನೊಂದು ಪ್ರಶ್ನೆಯ ಮೇಲೆ ನಡೆದ ಚರ್ಚೆ ಅದರ ಗುರುತ್ವಕ್ಕೆ ಸಾಲದೆಂದು ನನಗನ್ನಿಸುತ್ತದೆ. ಜಲಪ್ರಳಯ ಇಳಿದ ಮೇಲೆ, ಭೂಮಿ ಇರುವತನಕ ಹಗಲೂ ಇರುಳೂ ನಿಲ್ಲವೆಂದು ದೇವರು ಮಾತು ಕೊಡುತ್ತಾನೆ. ಯೆರೆಮೀಯನ ಗ್ರಂಥದಲ್ಲಿ ಹಗಲಿರುಳುಗಳೊಡನೆ ದೇವರು ಮಾಡಿಕೊಂಡ ಒಡಂಬಡಿಕೆ ಎಷ್ಟು ಅಚಲವೋ ದಾವೀದನಿಗೆ ಕೊಟ್ಟ ಮಾತೂ ಅಷ್ಟೇ ಅಚಲ. ಆದರೆ ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಅಧ್ಯಾಯಗಳ ಹೊಸ ನಗರದಲ್ಲಿ ಇರುಳೇ ಇಲ್ಲ, ಸೂರ್ಯನ ಅಗತ್ಯವೂ ಇಲ್ಲ. ಪ್ರವಾದಿ ಜೆಕರ್ಯನೂ ಹಗಲಲ್ಲದ ಇರುಳಲ್ಲದ ಒಂದು ದಿನವನ್ನು ಕಾಣುತ್ತಾನೆ. ಲೆವೆನ್ಸನ್‌ನ ಜಾಡಿನಲ್ಲಿ ಹೋದರೆ ಇರುಳು ಎಂದಾದರೂ ತೊಲಗಬೇಕಾದ ಹಳೆಯ ಅವ್ಯವಸ್ಥೆಯ ಶೇಷ. ವಾಲ್ಟನ್‌ನ ಜಾಡಿನಲ್ಲಿ ಹೋದರೆ ಅದು ಕಾಲದ ಅರ್ಧಭಾಗ, ಇಲ್ಲವಾದರೆ ದಿನವೇ ಇಲ್ಲ. ಆದಿಕಾಂಡದ ಏಳನೆಯ ದಿನಕ್ಕೆ ಸಂಜೆ ಬೆಳಗುಗಳ ಉಲ್ಲೇಖವಿಲ್ಲದಿರುವುದನ್ನು ಮೊದಲ ಪಕ್ಷದವರು ತಮ್ಮ ಕಡೆಯ ಸಾಕ್ಷಿಯಾಗಿ ತೋರಿಸಬಹುದು. ಎರಡನೆಯ ಪಕ್ಷದವರು ಹಗಲಿರುಳುಗಳ ಒಡಂಬಡಿಕೆಯನ್ನು ಮುಂದಿಡುತ್ತಾರೆ. ಇರುಳೆಂಬ ಹೆಸರು ಕೊಟ್ಟದ್ದು ಸದಾಕಾಲಕ್ಕೋ, ಒಂದು ಅವಧಿಗೋ ಎಂಬುದನ್ನು ಮೊದಲ ದಿನದ ಪಠ್ಯ ಎಲ್ಲಿಯೂ ಹೇಳಿಲ್ಲ.